ಕತ್ತಲಾದ ಮೇಲೆ ಎಲ್ಲಿಗೆ ಹೋಗಲ್ಲ?

2019ರ ಆಗಸ್ಟ್. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ, ರಾಮದುರ್ಗ ಸೀಮೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿದ್ದಳು. ನಾನು ಸ್ವಯಂಸೇವಕಿಯಾಗಿ ಹೋದದ್ದು ಶಾಲೆಯೊಂದರಲ್ಲಿ ತೆರೆದಿದ್ದ ಗಂಜಿ ಕೇಂದ್ರಕ್ಕೆ. ಮಕ್ಕಳನ್ನು ನೀವೇ ನೋಡಿಕೊಳ್ಳಿ ಅಂದರು. ಬಣ್ಣದ ಪೆನ್ಸಿಲು, ಚೆಂಡು, ಬಿಸ್ಕೀಟು ಹೊತ್ತುಕೊಂಡು ಹೋಗಿದ್ದೆ. ಆಡಿಸಿದರೆ ಕೆಲಸ ಮುಗಿಯಿತು ಅನ್ನುವ ತಿಳಿವಳಿಕೆ.

ಎರಡನೇ ದಿನ ಏಳನೇ ಇಯತ್ತೆಯ ಹುಡುಗಿಯೊಬ್ಬಳು ಊಟ ಮಾಡಿಯೂ ನೀರು ಮುಟ್ಟದ್ದು ಕಣ್ಣಿಗೆ ಬಿತ್ತು. ಯಾಕವ್ವಾ ಅಂದೆ. “ನೀರ ಕುಡದ್ರ ರಾತ್ರಿ ಸಂಡಾಸಕ್ಕ ಹೋಗಬೇಕಾಗ್ತೈತ್ರಿ ಅಕ್ಕಾರ.” ಶೌಚಾಲಯ ಶಾಲೆಯ ಹಿಂದೆ. ದೀಪವಿಲ್ಲ, ಬಾಗಿಲಿಗೆ ಚಿಲಕವಿಲ್ಲ. ದಾರಿಯಲ್ಲೇ ಗಂಡಸರ ಇಸ್ಪೀಟಾಟ.

ಮರುದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೇಂದ್ರದ ನಕ್ಷೆ ಬರೆಸಿದೆ. ಹುಡುಗಿಯರದ್ದು ಬೇರೆ ಕೋಣೆ, ಹುಡುಗರದ್ದು ಬೇರೆ. ನೀರು ಬಂದ ರಾತ್ರಿ ಏನಾಯಿತು ಎಂದು ಕೆದಕಲಿಲ್ಲ. ಕೇಳಿದ್ದು ಇಷ್ಟೇ: ಹಗಲು ಎಲ್ಲೆಲ್ಲಿ ಹೋಗ್ತೀರಿ, ಕತ್ತಲಾದ ಮೇಲೆ ಎಲ್ಲಿಗೆ ಹೋಗಲ್ಲ? ಹೋಗಲು ಅಂಜುವ ಕಡೆ ಹಾಕಿಸಿದ ಕೆಂಪು ಗುರುತು ನಾನು ಅಂದುಕೊಂಡಿರದ ಕಡೆಯೆಲ್ಲ ಬಿತ್ತು. ಸಣ್ಣವರಿಗೆ ಊಟದ ಸಾಲೇ ಅಂಜಿಕೆ, ದೊಡ್ಡವರು ನೂಕುತ್ತಿದ್ದರಂತೆ. ಗೇಟಿನ ಮೇಲೂ ಒಂದು ಗುರುತು: ಯಾರೋ ಕಾರಿನಲ್ಲಿ ಬಂದು, “ಬೆಂಗಳೂರಾಗ ಸಾಲಿ ಕಲಸ್ತೀನಿ, ಬರ್ತೀರೇನು” ಅಂತ ಕೇಳಿದ್ದನಂತೆ. ದೊಡ್ಡವರ್ಯಾರಿಗೂ ಗೊತ್ತಿರಲಿಲ್ಲ. ಆಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು. ಅಂದಿನಿಂದ ಗೇಟಿನಲ್ಲಿ ಪುಸ್ತಕವಿಟ್ಟು ಬಂದುಹೋಗುವವರ ಹೆಸರು ಬರೆಸತೊಡಗಿದೆವು. ಮಕ್ಕಳ ಕೈಗೆ ಪೊಟ್ಟಣ ಕೊಟ್ಟು ಫೋಟೊ ತೆಗೆಸಿಕೊಳ್ಳುವವರಿಗೂ ಅಲ್ಲೇ ತಡೆ. ಕೆಲವು ದಾನಿಗಳು ಮುನಿಸಿಕೊಂಡರು, ಮುನಿಸಿಕೊಳ್ಳಲಿ.

ಕೇಂದ್ರದ ದೊಡ್ಡವರ ಸಂಜೆಯ ಸಭೆಗೆ ಮೂವರು ಮಕ್ಕಳನ್ನು ಕರೆದೊಯ್ದೆ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಮಕ್ಕಳಿಗಿದೆ ಎನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲೇ ಒಪ್ಪಿದೆ, ಅದು ನನಗೆ ಬಾಯಿಪಾಠ. ಆ ಹುಮ್ಮಸ್ಸಿನಲ್ಲೇ ತಪ್ಪು ಮಾಡಿದೆ. ಇಸ್ಪೀಟಿನ ಸಂಗತಿಯನ್ನು ಆ ಹುಡುಗಿಯ ಬಾಯಿಂದಲೇ ಹೇಳಿಸಿದೆ. ರಾತ್ರಿಯೇ ಬಲ್ಬು ಬಂತು, ಇಸ್ಪೀಟು ಮುಂದಿನ ಅಂಗಳಕ್ಕೆ ಹೋಯಿತು, ಚಿಲಕ ನಾವೇ ಸಂತೆಯಿಂದ ತಂದು ಹಾಕಿಸಿದೆವು. ಆದರೆ ಆಡುತ್ತಿದ್ದವರಲ್ಲಿ ಅವಳ ಕಾಕಾನೂ ಒಬ್ಬ. “ಮಂದಿ ಮುಂದ ಮಾನ ಕಳದಿ” ಅಂತ ಅವಳಿಗೆ ಏಟು ಬಿತ್ತು. ಅವಳ ಅವ್ವನ ಒಪ್ಪಿಗೆ ಕೇಳಿದ್ದೆ. ಹೇಳಿದ ಮೇಲೆ ಅವಳಿಗೆ ಏನಾಗಬಹುದು ಎಂದು ಅವಳನ್ನೇ ಕೇಳಿರಲಿಲ್ಲ.

ಆಮೇಲಿಂದ ಸಭೆಗೆ ಹೋಗಿದ್ದು ನಕ್ಷೆ ಮಾತ್ರ. ಹೆಸರಿಲ್ಲ, “ಮಕ್ಕಳು ಹೇಳಿದ್ದು” ಅಷ್ಟೇ. ಯಾವುದನ್ನು ತಾವು ಹೇಳಬೇಕು, ಯಾವುದನ್ನು ನಾನು ಹೇಳಬೇಕು ಎಂದು ಮಕ್ಕಳೇ ಮೊದಲು ತೀರ್ಮಾನಿಸುತ್ತಿದ್ದರು. ಆಗಿದ್ದನ್ನೂ ಆಗದ್ದನ್ನೂ ಮರುದಿನ ಬೆಳಗ್ಗೆ ಅವರಿಗೇ ಬಂದು ಒಪ್ಪಿಸುತ್ತಿದ್ದೆ.

ಹುಡುಗಿ ಎರಡು ದಿನ ನನ್ನ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ಬಂದು ನಕ್ಷೆಯ ಹೊರಗೆ, ದೂರದಲ್ಲಿ, ಒಂದು ಎಮ್ಮೆ ಬರೆದಳು. ದನಗಳನ್ನು ಕಟ್ಟಿದ್ದು ಅರ್ಧ ಮೈಲಿ ಆಚೆ. ಕಾಯಲು ದೊಡ್ಡವರು ಹೋದರೆ ಸಣ್ಣವರಷ್ಟೇ ರಾತ್ರಿ ಒಂಟಿ. “ದನಾ ಸಾಲಿ ಬಾಜೂಕ ಕಟ್ಟಸ್ರಿ. ಅವ್ವ ಇಲ್ಲೇ ಇರ್ತಾಳ.” ಸ್ವಲ್ಪ ತಡೆದು, “ಇದನ್ನ ನೀವ ಹೇಳ್ರಿ” ಅಂದಳು.