ಮಂಡಕಳ್ಳಿಯಿಂದ ಜೋರ್ಹಾಟ್‌ಗೆ: ಆ ತುದಿಯಿಂದ ಹೆಣೆದ ಟಿಕೆಟ್

"ಏನ್ರೀ, ತೋಟದ ಕೆಲಸದವರಿಗೆ ವಿಮಾನವಾ? ಕುಯ್ಲಿನ ದುಡ್ಡೆಲ್ಲ ಟಿಕೆಟ್‌ಗೇ ಹೋಗ್ತದೆ" ಅಂತ ನಕ್ಕ ಸಾವ್ಕಾರ್ರೇ ಈಗ ಅಕ್ಟೋಬರ್ ಬಂತೆಂದರೆ ತೋಟದ ಲೆಕ್ಕ ಬರೆಯುವ ರೈಟರ್ ಕೈಲಿ ಆಧಾರ್ ಜೆರಾಕ್ಸ್ ಕಟ್ಟು ಕಳಿಸುತ್ತಾರೆ. ಹಾಗಾಗಿ ಟಿಕೆಟ್ ಬುಕ್ ಮಾಡಿಕೊಡುವ ಅಂಗಡಿಯವನಾದ ನನಗೆ ಬರೆಯುವ ಧೈರ್ಯ ಬಂದಿದೆ.

ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸದವರ ಸಾಲು ಮನೆಗಳಲ್ಲಿ, ಅಸ್ಸಾಮಿನವರು ಬಹಳ ಮಂದಿ ಇದ್ದಾರೆ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಕೂಡಿಗೆಯ ಮಿನಿ ಏರ್‌ಪೋರ್ಟ್ ಮಾತು ಕೇಳಿ ಕೇಳಿ ಕಿವಿ ದಣಿದಿದೆ, ಅದು ಬಂದಾಗ ನೋಡೋಣ. ಬಸ್ಸು ಹಿಡಿದು ಬೆಂಗಳೂರು, ಅಲ್ಲಿಂದ ರೈಲು, ಗುವಾಹಟಿಯಿಂದ ಮತ್ತೆ ಬಸ್ಸು ಅಂದರೆ ನಾಲ್ಕು ದಿನ ಹೋಯಿತು. ರೊಬಸ್ಟಾ ಹಣ್ಣಾಗಿ ಉದುರುವಾಗ ನಾಲ್ಕು ದಿನದ ಬೆಲೆ ಎಷ್ಟು ಅಂತ ತೋಟದವರಿಗೆ ನಾನು ಹೇಳಬೇಕಿಲ್ಲ.

ಎಲ್ಲರೂ ಮಾಡುವುದು ಬೆಂಗಳೂರು–ಗುವಾಹಟಿ ಟಿಕೆಟ್. ಏಳೆಂಟು ಸಾವಿರ, ನೋಡಲಿಕ್ಕೆ ಅಗ್ಗ. ಆದರೆ ದೇವನಹಳ್ಳಿ ಮುಟ್ಟಲು ಬೆಂಗಳೂರನ್ನು ಉದ್ದಕ್ಕೂ ದಾಟಬೇಕು, ಟ್ಯಾಕ್ಸಿಯವನಿಗೆ ತಲೆಗೆ ಎರಡು ಸಾವಿರದ ಹತ್ತಿರ. ಗುವಾಹಟಿಯಲ್ಲಿ ಇಳಿದ ಮೇಲೆ ಜೋರ್ಹಾಟ್‌ಗೆ ಇನ್ನೂ ಮುನ್ನೂರು ಕಿಲೋಮೀಟರ್. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಮಾಜುಲಿಯವರು, ಅಂದರೆ ಬ್ರಹ್ಮಪುತ್ರದ ನಡುವಿನ ದ್ವೀಪದವರು. ಜೋರ್ಹಾಟ್‌ನಿಂದ ನಿಮಾಟಿ ಘಾಟ್‌ಗೆ ಹೋಗಿ ದೋಣಿ ಹಿಡಿಯಬೇಕು. ಚಳಿಗಾಲದಲ್ಲಿ ಅಲ್ಲಿ ಐದಕ್ಕೆಲ್ಲ ಕತ್ತಲು, ಕೊನೆಯ ದೋಣಿ ಅದಕ್ಕೂ ಮೊದಲೇ. ತಪ್ಪಿದರೆ ಇನ್ನೊಂದು ರಾತ್ರಿ, ಇನ್ನೊಂದು ಖರ್ಚು.

ನಾನು ಲೆಕ್ಕವನ್ನು ದೋಣಿಯಿಂದ ಶುರುಮಾಡಿದೆ. ದೋಣಿಗೆ ಮೊದಲು ಜೋರ್ಹಾಟ್‌ನ ರೊವ್ರಿಯಾ ನಿಲ್ದಾಣದಲ್ಲಿ ಇಳಿಸುವ ವಿಮಾನ ಯಾವುದು? ಅಲ್ಲಿಗೆ ದಿನಕ್ಕೆ ಬೆರಳೆಣಿಕೆಯ ವಿಮಾನ, ಅದನ್ನು ಕೋಲ್ಕತ್ತಾದಿಂದ ಮೊದಲು ಕಟ್ಟಿಹಾಕಿದೆ. ನಂತರ ಹೈದರಾಬಾದ್–ಕೋಲ್ಕತ್ತಾ ಬೆಳಗಿನದ್ದು. ಕೊನೆಗೆ ಮೈಸೂರಿನ ಮಂಡಕಳ್ಳಿಯಿಂದ ಹಿಂದಿನ ಸಂಜೆ ಹೈದರಾಬಾದ್‌ಗೆ. ರಾತ್ರಿ ಅಲ್ಲಿನ ನಿಲ್ದಾಣ ಶಂಷಾಬಾದ್‌ನಲ್ಲಿ ಕಳೆದರಾಯಿತು. ಮಧ್ಯಾಹ್ನ ಊಟ ಮುಗಿಸಿ ತೋಟ ಬಿಟ್ಟವರು ಮಾರನೇ ಸಂಜೆಯೊಳಗೆ ಮನೆ ಸೇರಿದರು. ಮಧ್ಯಾಹ್ನವೇ ಹೊರಡಿಸುವುದಕ್ಕೆ ಇನ್ನೊಂದು ಕಾರಣ ಆನೆ. ಬೆಳಗಿನ ಜಾವ ನಮ್ಮ ರಸ್ತೆಯಲ್ಲಿ ಜೀಪು ಓಡಿಸುವವರಿಗೆ ಅದು ಗೊತ್ತು.

ಸುಲಭಕ್ಕೆ ಕುದುರಲಿಲ್ಲ. ಮೊದಮೊದಲು ಅಗ್ಗಕ್ಕೆಂದು ಮೂರು ಹಾರಾಟಕ್ಕೆ ಮೂರು ಬೇರೆ ಬುಕಿಂಗ್, ಅಂದರೆ ಮೂರು ಪಿಎನ್‌ಆರ್ ಮಾಡಿದ್ದೆ. ಡಿಸೆಂಬರಿನ ಮಂಜಿಗೆ ಕೋಲ್ಕತ್ತಾ ವಿಮಾನ ತಡವಾಯಿತು, ಜೋರ್ಹಾಟಿನದ್ದು ಹಾರಿಹೋಯಿತು. ಬೇರೆ ಪಿಎನ್‌ಆರ್ ಆದರೆ ಯಾರೂ ಹೊಣೆ ಅಲ್ಲ, ಲಗೇಜನ್ನೂ ಹೊರಗೆ ತಂದು ಮತ್ತೆ ಚೆಕ್‌-ಇನ್ ಮಾಡಬೇಕು. ಆರು ಜನರ ಹೊಸ ಟಿಕೆಟ್‌ಗೆ ಮೂವತ್ತು ಸಾವಿರದ ಮೇಲೆ ಕಕ್ಕಿದೆ, ಆ ತಿಂಗಳ ಅಂಗಡಿ ಬಾಡಿಗೆ ಹೆಂಡತಿಯ ಚೀಟಿ ದುಡ್ಡಿನಲ್ಲಿ ಕಟ್ಟಿದ್ದು. ಈಗ ಕೋಲ್ಕತ್ತಾದಿಂದ ಆಚೆಯದ್ದು, ಈಚೆಯದ್ದು ಒಂದೇ ಪಿಎನ್‌ಆರ್. ಮೈಸೂರಿನದ್ದು ಮಾತ್ರ ಬೇರೆ, ನಡುವೆ ಇಡೀ ರಾತ್ರಿ ಇರುವುದರಿಂದ ಸಂಜೆಯ ವಿಮಾನ ಮೂರು ತಾಸು ತಡವಾದರೂ ಚಿಂತೆಯಿಲ್ಲ.

ಖರ್ಚು ತಲೆಗೆ ಒಂಬತ್ತೂವರೆಯಿಂದ ಹನ್ನೊಂದು ಸಾವಿರದವರೆಗೆ ಬಿದ್ದಿದೆ. ಬಿಹುವಿನ ಮುಂಚೆ ಏಪ್ರಿಲ್‌ನಲ್ಲಿ ಕೇಳಬೇಡಿ. ಒಂದು ಉಪಾಯ ಹೇಳುತ್ತೇನೆ: ವಿಮಾನದವರು ಸೀಟುಗಳನ್ನು ಅಗ್ಗದಿಂದ ದುಬಾರಿಯವರೆಗೆ ದರದ ಮೆಟ್ಟಿಲುಗಳಾಗಿ ಹಂಚಿಟ್ಟಿರುತ್ತಾರೆ. ಎಂಟು ಜನಕ್ಕೆ ಒಟ್ಟಿಗೆ ಹುಡುಕಿದರೆ, ಎಂಟೂ ಸೀಟು ಖಾಲಿ ಇರುವ ದರದ ಮೆಟ್ಟಿಲಲ್ಲೇ ಎಲ್ಲರಿಗೂ ಬೆಲೆ ಬರುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಮೂರು ಸೀಟು ಉಳಿದಿದ್ದರೂ ತೋರಿಸುವುದಿಲ್ಲ. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಅಷ್ಟೆ, ಬರುವುದು ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ಎಂಬ ಸಣ್ಣ ವಿಮಾನ, ಒಂದೊಂದು ಮೆಟ್ಟಿಲಲ್ಲೂ ಸೀಟು ಕಡಿಮೆ. ಒಬ್ಬೊಬ್ಬರಾಗಿ ಹುಡುಕಿ, ಇಬ್ಬರು ಮೂವರಾಗಿ ಒಡೆದು ಬುಕ್ ಮಾಡಿ. ಯಾವ ವಾರ, ಎಷ್ಟು ಹೊತ್ತಿಗೆ ಬುಕ್ ಮಾಡುತ್ತೇನೆ ಅನ್ನುವುದು ಮಾತ್ರ ನನ್ನ ಹೊಟ್ಟೆಪಾಡು, ಅದನ್ನು ಕೇಳಬಾರದು.

ಲಗೇಜಿನ ಕಾಟ ಬೇರೆ. ಹದಿನೈದು ಕಿಲೋ ಒಳಗೆ ಕರಿಮೆಣಸು, ಕಾಫಿ ಪುಡಿ ಹೋಗಲಿ, ಕೊಬ್ಬರಿ ಹೋಗಲ್ಲ, ಎಣ್ಣೆಯಂಶಕ್ಕೆ ಬೆಂಕಿ ಹತ್ತುತ್ತದೆ ಅಂತ ತೆಗೆಸುತ್ತಾರೆ. ಹೊರಡುವ ಮುಂಚೆ ಲೈನ್ ಮನೆ ಜಗಲಿಯಲ್ಲೇ ಚೀಲ ಬಿಚ್ಚಿಸುತ್ತೇನೆ, ಕಾಫಿ ತೂಗುವ ತಕ್ಕಡಿಯಲ್ಲೇ ತೂಕ.

ನಡುವೆ ಕಣ್ಣೂರನ್ನೂ ನೋಡಿದೆ. 2018ರ ಡಿಸೆಂಬರ್‌ನಲ್ಲಿ ಶುರುವಾದ ಮಟ್ಟನ್ನೂರಿನ ನಿಲ್ದಾಣ ವಿರಾಜಪೇಟೆಯವರಿಗೆ ಮೈಸೂರಿಗಿಂತ ಹತ್ತಿರ, ರನ್‌ವೇಯೂ ಮೂರು ಕಿಲೋಮೀಟರ್ ಮೇಲೆ, ದೊಡ್ಡ ವಿಮಾನವೇ ಬರುತ್ತದೆ. ರಜೆ ಮುಗಿಸಿ ದೆಹಲಿ ಕಡೆ ಹೋಗುವ ನಮ್ಮ ಮಿಲಿಟರಿ ಹುಡುಗರಿಗೆ ಅದನ್ನೇ ಕೊಡುತ್ತೇನೆ. ಆದರೆ ಮಳೆಗಾಲದಲ್ಲಿ ಆ ದಾರಿಯ ಮಾಕುಟ್ಟ ಘಾಟಿಯನ್ನು ನಂಬಿ ಟಿಕೆಟ್ ಮಾಡಲಾರೆ. ಮೈಸೂರನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಸಣ್ಣ ಊರುಗಳಿಗೆ ವಿಮಾನ ಹಾರಿಸಲು ಸರ್ಕಾರ ಕೊಡುವ ಉಡಾನ್ ಸಹಾಯಧನ ಒಂದು ಮಾರ್ಗಕ್ಕೆ ಮೂರು ವರ್ಷ, ಆಮೇಲೆ ಸೀಟು ತುಂಬದಿದ್ದರೆ ವಿಮಾನವೇ ಇರುವುದಿಲ್ಲ. ಗೋವಾ, ಕೊಚ್ಚಿಗೆ ಮಂಡಕಳ್ಳಿಯಿಂದ ಹಾರುತ್ತಿದ್ದದ್ದು ನಿಂತದ್ದನ್ನು ನೋಡಿದ್ದೇವಲ್ಲ. ಪ್ರತಿ ಸೀಸನ್ನಿನ ಹೊಸ ವೇಳಾಪಟ್ಟಿ ಬಂದ ಮೇಲೇ ನಾನು ದುಡ್ಡು ಮುಟ್ಟುವುದು.

ಬ್ರಹ್ಮಪುತ್ರದ ಆಚೆ ದಡದ ಧೇಮಾಜಿಯವರಿಗೆ ಲೀಲಾಬಾರಿ ನಿಲ್ದಾಣ ಹತ್ತಿರವೆಂದು ಅದನ್ನೂ ಹೆಣೆಯಲು ಹೋದೆ. ವಾರದ ದಿನ ಹೊಂದಿದರೆ ಸಮಯ ಹೊಂದದು, ಸಮಯ ಹೊಂದಿದರೆ ದರ ಹೊಂದದು. ಅವರ ಪೈಕಿ ಒಬ್ಬ ಹುಡುಗನೇ ದಾರಿ ತೋರಿಸಿದ: "ದಾದಾ, ಬೋಗಿಬೀಲ್ ಸೇತುವೆ ಆಗಿದೆಯಲ್ಲ." 2018ರಲ್ಲಿ ಬ್ರಹ್ಮಪುತ್ರದ ಮೇಲೆ ಸುಮಾರು ಐದು ಕಿಲೋಮೀಟರ್ ಸೇತುವೆ ತೆರೆದ ಮೇಲೆ ದಿಬ್ರೂಗಢದಲ್ಲಿ ಇಳಿದು ಗಾಡಿಯಲ್ಲೇ ಆಚೆ ದಡಕ್ಕೆ ಹೋಗಬಹುದು, ದೋಣಿಯ ಹಂಗಿಲ್ಲ. ದಿಬ್ರೂಗಢಕ್ಕೆ ವಿಮಾನವೂ ಹೆಚ್ಚು, ಹೈದರಾಬಾದ್‌ವರೆಗಿನ ನನ್ನ ಹೆಣಿಗೆ ಹಾಗೇ ಉಳಿಯಿತು. ಧೇಮಾಜಿಯವರ ಟಿಕೆಟ್ ಈಗ ಆ ಕಡೆಗೇ, ದರ ಜೋರ್ಹಾಟ್‌ನದ್ದಕ್ಕಿಂತ ಐನೂರು ಆಚೀಚೆ.