ಎಂಜಿಬಿಯ ಪೆಟ್ರೋಲ್ ಸೋರಿಕೆ ನಿಂತದ್ದು ಹೀಗೆ

ಪುಣೆಯ ಕಾತ್ರಜ್ ಘಾಟ್ ಟ್ರಾಫಿಕ್ಕಿನಲ್ಲಿ ನನ್ನ 1965ರ ಎಂಜಿಬಿ, ಅಂದರೆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಪದೇ ಪದೇ ಕೈಕೊಡುತ್ತಿತ್ತು. ಕರಿ ಹೊಗೆ ಬೇರೆ. ಬಾನೆಟ್ ಎತ್ತಿದರೆ ಹಿಂಬದಿಯ ಎಸ್‌ಯು ಕಂಪನಿಯ ಕಾರ್ಬೊರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ಫ್ಲೋಟ್ ಚೇಂಬರಿಗೆ, ಅಂದರೆ ಪೆಟ್ರೋಲ್ ನಿಲ್ಲುವ ಪುಟ್ಟ ಡಬ್ಬಿಗೆ, ಮೆಲ್ಲಗೆ ತಟ್ಟಿದರೆ ಸುಮ್ಮನಾಗುವುದು, ವಯಸ್ಸಾದವರ ಸಿಟ್ಟು!

ಕೊನೆಗೆ ಬೆಳಗಾವಿ ಕಡೆಯ ಮಿಸ್ತ್ರಿ ಆ ಚೇಂಬರಿನ ಮುಚ್ಚಳ ಬಿಚ್ಚಿದರು. ಚೇಂಬರ್ ತುಂಬಿದೊಡನೆ ಪೆಟ್ರೋಲ್ ತಡೆಯುವ ನೀಡಲ್ ವಾಲ್ವಿನ ತುದಿಯಲ್ಲಿ ಕರಿ ರಬ್ಬರಿನ ಚೂರು ಸಿಕ್ಕಿಕೊಂಡು, ಅದು ಪೂರ್ತಿ ಮುಚ್ಚುತ್ತಿರಲಿಲ್ಲ. "ಕಾರ್ಬೊರೇಟರ್ ಛಲೋ ಐತ್ರಿ ಸರ, ಪೈಪ್ ಒಳಗಿಂದ ಬಿಟ್ಟೈತಿ." ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪ್ ತಾಳದೆ ಒಳಗೇ ಉದುರುತ್ತದೆ. ಎಥನಾಲ್ ತಡೆಯುವ ಹೋಸ್ ಹಾಕಿ, ಚೇಂಬರ್ ತೊಳೆದು, ಒಂದು ಫಿಲ್ಟರ್ ಕೂಡಿಸಿದೆವು. ಅಂದಹಾಗೆ, ಬ್ಯಾಟರಿ ಮುಟ್ಟುವವರು ಜೋಪಾನ: ಆ ಕಾಲದ ಎಂಜಿಬಿಯಲ್ಲಿ ಅರ್ತ್ ಆಗಿರುವುದು, ಅಂದರೆ ಕಾರಿನ ಮೈಗೆ ಜೋಡಿಸಿರುವುದು, ಈಗಿನ ಕಾರುಗಳಂತೆ ಮೈನಸ್ ಅಲ್ಲ, ಪ್ಲಸ್ ತಂತಿ.

ಈಗ ಐಡ್ಲಿಂಗ್ ಸರಿಯಾಗಿದೆ. ಪೆಟ್ರೋಲ್ ವಾಸನೆ ಹೋಯಿತೆಂದು ಮನೆಯವಳು ಮಾತ್ರ ಇನ್ನೂ ಒಪ್ಪಿಲ್ಲ.