ಡ್ರಿಫ್ಟ್ ಕಲಿಯುವ ಮುಂಚೆ ರಿಪೇರಿ ದುಡ್ಡು ಎತ್ತಿಡಿ

ಡ್ರಿಫ್ಟ್ ಅಂದರೆ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾ ಕಾರು ತಿರುಗಿಸುವುದು. ಅದನ್ನು ಕಲಿಯಲು ಕೈಯಲ್ಲಿರುವ ದುಡ್ಡನ್ನೆಲ್ಲ ಕಾರು ಕೊಳ್ಳುವುದಕ್ಕೇ ಸುರಿಯಬೇಡಿ. ನನ್ನದು ಹಳೇ ಬಿಎಂಡಬ್ಲ್ಯೂ ಇ46. ಅದಕ್ಕೆ ಕೊಟ್ಟದ್ದರ ಅರ್ಧದಷ್ಟನ್ನು ರಿಪೇರಿಗೆಂದೇ ಎತ್ತಿಟ್ಟಿದ್ದೆ.

ಮೊದಲ ಖರ್ಚು ಇಂಜಿನ್ ಕೂಲಿಂಗ್‌ಗೆ. ಇದರ ಎಕ್ಸ್‌ಪ್ಯಾನ್ಷನ್ ಟ್ಯಾಂಕ್, ಅಂದರೆ ಇಂಜಿನ್ ತಣ್ಣಗಿಡುವ ಕೂಲೆಂಟ್ ತುಂಬುವ ಡಬ್ಬ, ಪ್ಲಾಸ್ಟಿಕ್ಕಿನದು, ಹಳತಾದಂತೆ ಸೀಳುತ್ತದೆ. ನನ್ನದರಲ್ಲಿ ಅಂಚಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು, ಸುತ್ತ ಒಣಗಿದ ಕೂಲೆಂಟಿನ ಬಿಳಿ ಗೆರೆ. ಅಷ್ಟು ಕಂಡರೆ ಸಾಕು, ಬದಲಾಯಿಸಿಬಿಡಿ. ಕೂಲೆಂಟ್ ಸೋರಿ ಇಂಜಿನ್ ಕಾದು ಅದರ ಮೇಲ್ಭಾಗದ ಹೆಡ್ ಬಾಗಿದರೆ ಎತ್ತಿಟ್ಟ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ. ಆಮೇಲೆ ಕಾರನ್ನು ಮೇಲೆತ್ತಿಸಿ, ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ಜಾಗ ನೋಡಿ. ಅಲ್ಲಿ ತಗಡು ಬಿರಿಯುವುದು ಈ ಮಾಡೆಲ್ಲಿನ ಹಳೇ ಕಾಯಿಲೆ.

ಹಿಂದಿನ ಚಕ್ರಕ್ಕೆ ಸೆಕೆಂಡ್ ಹ್ಯಾಂಡ್ ಟೈರ್ ಸಾಕು. ಮುಂದಿನದು ಮಾತ್ರ ಒಳ್ಳೆಯದಿರಲಿ, ಕಾರು ತಿರುಗಿಸುವುದು ಅದೇ ಅಲ್ವಾ? ಒದ್ದೆ ನೆಲದಲ್ಲಿ ಕಲಿತರೆ ಟೈರ್ ಜಾಸ್ತಿ ದಿನ ಬರುತ್ತದೆ. ಸ್ಟೀರಿಂಗನ್ನು ಮುಂದಿನ ಚಕ್ರಕ್ಕೆ ಜೋಡಿಸುವ ಸರಳು, ಅಂದರೆ ಟೈ ರಾಡ್, ಒಂದು ಜೊತೆ ಹೆಚ್ಚುವರಿಯಾಗಿ ಡಿಕ್ಕಿಯಲ್ಲಿರಲಿ.